ನಲ್ವತ್ತು ದಾಟಿದವನಿಗೆ ಪೇಟೆಯ ದಾರಿ ತೋರಿಸುವವರು ಯಾರು?

ನಲ್ವತ್ತರ ಪ್ರಾಯದಲ್ಲಿ ಕೆಲಸ ಕಳೆದುಕೊಂಡು ಮನೆ ಸೇರುವ ಗೃಹಸ್ಥನಿಗೆ ನಮ್ಮ ಸಮುದಾಯವು ಮೂರು ಸಲಹೆಗಳನ್ನು ಸದಾ ಸಿದ್ಧವಾಗಿಟ್ಟುಕೊಂಡಿರುತ್ತದೆ: ಅಂಗಡಿ ಇಡು, ಆಟೋ ಕೊಳ್ಳು, ಇಲ್ಲವೇ ಗಲ್ಫಿಗೆ ಹೋಗು. ಈ ಮೂರರಲ್ಲಿ ಒಂದೂ ಅವನಿಗೆ ಏನು ಕೆಲಸ ಗೊತ್ತಿದೆ ಎಂದು ಕೇಳಿ ಹೇಳಿದ್ದಲ್ಲ. ಅಂಗಡಿಗಾಗಿ ಪತ್ನಿಯ ಒಡವೆ ಅಡವು ಬೀಳುತ್ತದೆ. ಆಟೋಗೆ ಫೈನಾನ್ಸಿನವರ ಕಂತು ಬೆನ್ನು ಹತ್ತುತ್ತದೆ. ಗಲ್ಫಿನ ಬಾಗಿಲಲ್ಲಿ ಏಜೆಂಟ್ ನಿಂತಿರುತ್ತಾನೆ. ಸಲಹೆ ಕೊಟ್ಟವರು ಮಾತ್ರ ಚಹಾ ಕುಡಿದು ಎದ್ದು ಹೋಗುತ್ತಾರೆ.

ಕೋಲಾರ ಜಿಲ್ಲೆಗೆ ಉದ್ಯೋಗನಾಶ ಹೊಸ ಸಂಗತಿಯೇನಲ್ಲ. ಜಾನ್ ಟೇಲರ್ ಕಂಪೆನಿ 1880ರ ದಶಕದಲ್ಲಿ ಕೈಗೆತ್ತಿಕೊಂಡ ಚಿನ್ನದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಅಂದಿನಿಂದ ಕೆಜಿಎಫ್‌ನ ಜನ ನಸುಕಿನ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮರಳುತ್ತಿದ್ದಾರೆ. ಗಣಿ ಮುಚ್ಚಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ನಮ್ಮ ಮೊಹಲ್ಲಾಗಳಲ್ಲಿ ರೇಷ್ಮೆ ನೂಲು ಬಿಚ್ಚುವ ಒಲೆಗಳು ಒಂದೊಂದಾಗಿ ಆರಿದ್ದನ್ನು ಯಾರೂ ಸುದ್ದಿ ಮಾಡಲಿಲ್ಲ.

ನೂಲು ಬಿಚ್ಚಾಣಿಕೆಯಲ್ಲಿ ಮುಸ್ಲಿಮರೇ ಹೆಚ್ಚಾಗಿದ್ದರು ಎಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಚೀನಾದ ರೇಷ್ಮೆ ಅಗ್ಗವಾಯಿತು, ಇಲ್ಲಿನ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಮತ್ತೆ ಶೇ. 15ಕ್ಕೆ ಏರಿಸಿದರಾದರೂ ಅಷ್ಟರಲ್ಲಿ ಸಣ್ಣ ಬಂಡವಾಳದವರು ಸಾಲದಲ್ಲಿ ಮುಳುಗಿದ್ದರು. ಬಳಿಕ ಬಂದ ಸ್ವಯಂಚಾಲಿತ ಯಂತ್ರಗಳ ಬೆಲೆ ಚರಕ, ಕಾಟೇಜ್ ಬೇಸಿನ್‌ಗಳನ್ನು ನೆಚ್ಚಿದ್ದವರ ಕೈಗೆಟುಕುವಂಥದ್ದಲ್ಲ. ಇದಕ್ಕೊಂದು ಕಹಿ ಹಿನ್ನೆಲೆಯೂ ಇದೆ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಪ್ರಕಟಿಸಿದಾಗ ನಮ್ಮವರಲ್ಲಿ ಹಲವರು ಅದನ್ನು ಉದ್ಯಮದ ವಿರುದ್ಧ ಹೂಡಿದ ಸಂಚೆಂದು ಜರೆದರು. ಅಂದು ಶಾಲೆ ಬಿಟ್ಟು ಬಿಸಿನೀರಿಗೆ ಕೈಯಿಟ್ಟ ಹುಡುಗರೇ ಇಂದು ನಡುವಯಸ್ಸಿನವರಾಗಿ ಕೆಲಸ ಹುಡುಕುತ್ತಿದ್ದಾರೆ. ಎಸೆಸೆಲ್ಸಿ ಅಂಕಪಟ್ಟಿ ಕೇಳಿದರೆ ಅವರು ಎಲ್ಲಿಂದ ತರಬೇಕು?

ನರಸಾಪುರ, ವೇಮಗಲ್‌ಗಳಲ್ಲಿ ಕಾರ್ಖಾನೆಗಳು ಎದ್ದಿವೆಯಲ್ಲ ಎನ್ನುವವರಿದ್ದಾರೆ. ನಿಜ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಬಂತು. ಬಳಿಕ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು. 2020ರ ಡಿಸೆಂಬರ್ 12ರಂದು ಅದೇ ವಿಸ್ಟ್ರಾನ್‌ನಲ್ಲಿ ಸಂಬಳ ಮತ್ತು ಹೆಚ್ಚುವರಿ ದುಡಿಮೆಯ ವಿಚಾರದಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟಗೊಂಡಿತು. 21,000 ರೂಪಾಯಿಯ ಮಾತು ನಂಬಿ ಸೇರಿದ ಇಂಜಿನಿಯರಿಂಗ್ ಪದವೀಧರರ ಕೈಗೆ ಬರಬರುತ್ತ 12,000 ಬರತೊಡಗಿತ್ತು ಎಂದು ಆಗ ವರದಿಯಾಗಿತ್ತು. ಕಾರ್ಮಿಕರಲ್ಲಿ ಬಹುಪಾಲು ಗುತ್ತಿಗೆಯವರೇ ಆಗಿದ್ದರು. 2023ರಲ್ಲಿ ಆ ಘಟಕ ಟಾಟಾ ಪಾಲಾಯಿತು. ಒಡೆತನ ಬದಲಾದರೂ ಇಂಥ ಕಾರ್ಖಾನೆಗಳು ಬಯಸುವುದು ಇಪ್ಪತ್ತರ ಆಸುಪಾಸಿನ ಕಣ್ಣು, ಬೆರಳುಗಳನ್ನೇ. ಇಂದು ಅಲ್ಲಿ ಬಸ್ಸು ಹತ್ತುವ ನಮ್ಮ ಮಕ್ಕಳಿಗೂ ಒಂದು ದಿನ ಮೂವತ್ತೈದಾಗುತ್ತದೆ.

ಸರಕಾರವಾದರೂ ಏನು ಮಾಡಿದೆ? ರಾಜ್ಯದ ಯುವನಿಧಿಯು 2022-23ನೇ ಸಾಲಿನಿಂದ ಈಚೆಗೆ ತೇರ್ಗಡೆಯಾದವರಿಗೆಂದು ರೂಪಿತವಾದದ್ದು. ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500. ನಾಲ್ಕು ಮಕ್ಕಳ ತಂದೆಗೆ ಅದರಲ್ಲಿ ಜಾಗವಿಲ್ಲ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ, ಬಡಗಿ, ಗಾರೆಯವ, ಕಮ್ಮಾರ ಇದ್ದಾರೆ, ನೂಲು ಬಿಚ್ಚುವವನಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಕೆಲಸದಿಂದ ತೆಗೆಯಲ್ಪಟ್ಟವನು ಹೊಸ ಕೌಶಲ ಕಲಿಯಲೆಂದು ಮಾಲಕನು 15 ದಿನದ ಕೂಲಿಯನ್ನು ನಿಧಿಗೆ ಕಟ್ಟಬೇಕೆನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿಗದಿತ ಅವಧಿಯ ನೌಕರಿ ಮುಗಿದು ಹೊರಬಿದ್ದವನು ಅದೇ ಸಂಹಿತೆಯ ಪ್ರಕಾರ 'ತೆಗೆಯಲ್ಪಟ್ಟವನು' ಅಲ್ಲವೇ ಅಲ್ಲ!

ಸರಕಾರವನ್ನು ದೂರುವುದು ಸುಲಭ, ಅದನ್ನು ನಾವು ಬಿಡುವವರೂ ಅಲ್ಲ. ಆದರೆ ನಮ್ಮ ಜಮಾಅತ್‌ಗಳನ್ನೂ ಅಂಜುಮನ್‌ಗಳನ್ನೂ ಕೇಳಬೇಕಾದುದಿದೆ. ಎಸೆಸೆಲ್ಸಿಯಲ್ಲಿ ಅಂಕ ಗಳಿಸಿದವರಿಗೆ ಶಾಲು ಹೊದಿಸಲು ಸಭಾಂಗಣವಿದೆ, ರಮಝಾನಿನಲ್ಲಿ ಕಿಟ್ ಹಂಚಲು ಹಣವಿದೆ, ಎರಡಕ್ಕೂ ಫೋಟೋ ಇದೆ. ಕಿಟ್‌ನ ಸಾಲಿನಲ್ಲಿ ಈ ವರ್ಷ ಹೊಸದಾಗಿ ಬಂದು ತಲೆತಗ್ಗಿಸಿ ನಿಂತವನು ಹೋದ ವರ್ಷ ಏನು ಮಾಡುತ್ತಿದ್ದ ಎಂದು ಯಾರಾದರೂ ಕೇಳಿದ್ದೀರಾ?

ಹಿಜ್ರತ್‌ನ ಆರಂಭದ ದಿನಗಳನ್ನು ನೆನಪಿಸಿಕೊಳ್ಳಿ. ಮಕ್ಕಾದ ವ್ಯಾಪಾರಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಎಲ್ಲವನ್ನೂ ಬಿಟ್ಟು ಮದೀನಾಕ್ಕೆ ಬಂದಾಗ ಅವರಿಗೂ ನಲ್ವತ್ತರ ಆಸುಪಾಸು. ಪ್ರವಾದಿ(ಸ)ರು ಅವರಿಗೂ ಸಅದ್ ಬಿನ್ ರಬೀಅ್(ರ)ರಿಗೂ ಸಹೋದರಿಕೆ ಬೆಸೆದರು. ಸಅದ್ ತನ್ನ ಸಂಪತ್ತಿನಲ್ಲಿ ಅರ್ಧ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅವರಿಗೆ ಬರಕತ್ ಕೋರಿ, ತನಗೆ ಪೇಟೆಯ ದಾರಿ ತೋರಿಸಿದರೆ ಸಾಕೆಂದರು. ಅಲ್ಲಿ ತುಪ್ಪ, ಒಣಗಿಸಿದ ಗಿಣ್ಣು ಮಾರಿ ಜೀವನ ಕಟ್ಟಿಕೊಂಡರು. ನಮ್ಮ ಖತೀಬರು ಸಅದ್‌ರ ಔದಾರ್ಯವನ್ನು ವರ್ಣಿಸುತ್ತಾರೆ, ಅಬ್ದುರ್ರಹ್ಮಾನ್‌ರ ಸ್ವಾಭಿಮಾನವನ್ನೂ ವರ್ಣಿಸುತ್ತಾರೆ. ಆದರೆ ಪೇಟೆ ಎಲ್ಲಿದೆಯೆಂದು ಹೇಳಬಲ್ಲ ಸ್ಥಳೀಯರು ಮದೀನಾದಲ್ಲಿದ್ದರು ಎಂಬುದು ಖುತ್ಬಾದಲ್ಲಿ ಬರುವುದೇ ಇಲ್ಲ.

ದಾರಿ ತೋರಿಸುವುದೆಂದರೆ ಏನು? ಶ್ರೀನಿವಾಸಪುರದ ಮಾವಿನ ಮಂಡಿಯ ಗುಮಾಸ್ತನನ್ನೇ ನೋಡಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರ ರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಅಂಥವರ ಹಂಗಾಮು ಅಲುಗಾಡಿತು. ಅವನನ್ನು ವಿಚಾರಿಸಿದರೆ, ತನಗೆ ಏನೂ ಬರುವುದಿಲ್ಲ, ಮಂಡಿ ಬಿಟ್ಟರೆ ಗತಿಯಿಲ್ಲ ಎನ್ನುತ್ತಾನೆ. ಏನೂ ಬರುವುದಿಲ್ಲವೇ? ಹಣ್ಣನ್ನು ದರ್ಜೆವಾರು ವಿಂಗಡಿಸಲು ಬರುತ್ತದೆ. ಲಾರಿಗೆ ಎಷ್ಟು ಹಿಡಿಯುತ್ತದೆ, ಯಾವ ಲೋಡು ಮೊದಲು ಹೊರಡಬೇಕು, ತಡವಾದರೆ ಎಷ್ಟು ನಷ್ಟ ಎಂಬ ಲೆಕ್ಕ ಬಾಯಲ್ಲೇ ಇದೆ. ಆಂಧ್ರದ ಕಡೆಯವರೊಡನೆ ತೆಲುಗು, ತಮಿಳುನಾಡಿನ ಕಡೆಯವರೊಡನೆ ತಮಿಳು, ರೈತರೊಡನೆ ಕನ್ನಡ, ಮನೆಯಲ್ಲಿ ಉರ್ದು. ಮಾಲೂರು, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳಲ್ಲಿ ಮೇಲ್ವಿಚಾರಕನೊಬ್ಬ ಮಾಡುವುದು ಹೆಚ್ಚೂಕಡಿಮೆ ಇದನ್ನೇ. ಅದು ತನ್ನದೇ ವಿದ್ಯೆಯೆಂದು ಅವನಿಗೆ ತಿಳಿದಿಲ್ಲ, ತಿಳಿಸುವವರೂ ಇಲ್ಲ. ಗೂಡನ್ನು ಕಣ್ಣಲ್ಲೇ ಅಳೆದು ಇದರಲ್ಲಿ ಎಷ್ಟು ನೂಲು ಬಂದೀತೆಂದು ಹೇಳುವ ಮುಳಬಾಗಿಲಿನ ರೀಲರನಿಗೆ ಗುಣಮಟ್ಟ ಪರೀಕ್ಷೆಯ ಕೆಲಸ ಕಲಿಸಲು ವರ್ಷಗಳು ಬೇಕಿಲ್ಲ. ಮಾಲೂರಿನ ಹೆಂಚಿನ ಭಟ್ಟಿಯಲ್ಲಿ ಬೆಂಕಿ ನೋಡಿಕೊಂಡವನ ಮಾತೂ ಇದೇ.

ಕಾಗದದ ದಾರಿಗಳೂ ಇವೆ. ಅನುಭವದಿಂದ ಕಲಿತ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ ಬಂದಿದೆ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿ ಬರೆಯಲು ವಯಸ್ಸಿನ ಮೇಲ್ಮಿತಿಯಿಲ್ಲ. ಹತ್ತನೇ ತರಗತಿ ತೇರ್ಗಡೆಯಾದವನಿಗೆ ಪಾಸ್‌ಪೋರ್ಟಿನ ವಲಸೆ ತಪಾಸಣೆಯ ಮುದ್ರೆಯೂ ಇರುವುದಿಲ್ಲ. ಗಲ್ಫಿಗೇ ಹೋಗಬೇಕೆನ್ನುವವರು ಇದನ್ನಾದರೂ ಅರಿತಿರಲಿ. ನೋಂದಾಯಿತ ಏಜೆಂಟನು ಸೇವಾಶುಲ್ಕವಾಗಿ ತೆರಿಗೆ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂಬುದನ್ನೂ, 2016ರಲ್ಲಿ ಸೌದಿಯು ಮೊಬೈಲ್ ಮಾರಾಟ, ದುರಸ್ತಿಯ ಕೆಲಸವನ್ನೆಲ್ಲ ತನ್ನ ಪ್ರಜೆಗಳಿಗೇ ಮೀಸಲಿಟ್ಟಿತು ಎಂಬುದನ್ನೂ.

ಒಂದು ಮಾತು ಕೆಲವರಿಗೆ ಕಹಿಯಾದೀತು. ಉರ್ದುವಿನ ಮೇಲಿನ ಪ್ರೀತಿಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ, ಮದ್ರಸದ ಚಾಪೆಯ ಮೇಲೆ ಅಕ್ಷರ ಕಲಿತವರು ನಾವು. ಆದರೆ ಕೋಲಾರದಲ್ಲಿ ಹುಟ್ಟಿ ಬೆಳೆದ ಪ್ರೌಢನು ಕನ್ನಡದಲ್ಲಿ ನಾಲ್ಕು ಸಾಲಿನ ಅರ್ಜಿ ಬರೆಸಲು ಅಂಚೆ ಕಚೇರಿಯ ಎದುರು ಕಾಯುವುದು ಉರ್ದುವಿಗೂ ಗೌರವವಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜಮಾಅತ್‌ಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ಮಸೀದಿಯ ಕಚೇರಿಯಲ್ಲಿ ಒಂದು ದಫ್ತರ್ ಇಡಿ. ಕೆಲಸವಿಲ್ಲದವನ ಹೆಸರಿನ ಮುಂದೆ ಅವನ ಕೊರತೆಯನ್ನಲ್ಲ, ಅವನಿಗೆ ಗೊತ್ತಿರುವ ಕೆಲಸವನ್ನು ಬರೆಯಿರಿ. ಕೆಲಸಕ್ಕೆ ಜನ ಬೇಕಾಗಿರುವ ನಮ್ಮವರದೇ ವರ್ಕ್‌ಶಾಪ್, ಮಂಡಿ, ಗೋದಾಮುಗಳ ಹೆಸರನ್ನು ಎದುರು ಪುಟದಲ್ಲಿ ಬರೆಯಿರಿ. ಮನೆಯಲ್ಲೇ ಬಟ್ಟೆ ಹೊಲಿದು ಇಷ್ಟು ದಿನ ಸಂಸಾರ ತೂಗಿಸಿದ ಹೆಣ್ಣುಮಗಳ ಹೆಸರನ್ನೂ ಅದೇ ದಫ್ತರಿನಲ್ಲಿ ಬರೆಯಿರಿ. ಅರ್ಹನು ಹೊಸ ಕೆಲಸ ಕಲಿಯುವ ಮೂರು ತಿಂಗಳು ಅವನ ಮನೆಯ ಅಕ್ಕಿ, ಬಾಡಿಗೆಯನ್ನು ಝಕಾತ್‌ನಿಂದ ನೋಡಿಕೊಳ್ಳಬಹುದೇ ಎಂದು ಉಲಮಾಗಳನ್ನು ಕೇಳಿ. ಮುಂದಿನ ವಾರ್ಷಿಕ ಸಭೆಯಲ್ಲಿ ಎಷ್ಟು ಕಿಟ್ ಹಂಚಿದೆವೆಂಬ ಲೆಕ್ಕ ಓದುವಾಗ, ಹೋದ ವರ್ಷ ಕಿಟ್ ಪಡೆದವರಲ್ಲಿ ಎಷ್ಟು ಮಂದಿಗೆ ಈ ವರ್ಷ ಅದರ ಅಗತ್ಯ ಬೀಳಲಿಲ್ಲ ಎಂಬ ಲೆಕ್ಕವನ್ನೂ ಓದಿ.