ಸೂಜಿಯ ಕೂಲಿಗೂ ಒಂದು ಲೆಕ್ಕ ಬೇಕು

ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಒಂದು ಕೈಚೀಲ ಈ ಬರಹಕ್ಕೆ ಕಾರಣ.

ನಾವು ಕರಾವಳಿಯವರು. ಮದ್ರಸದ ಕೆಲಸಕ್ಕೆಂದು ಬಂದು ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳಿಂದ ಬೆಳೆದ ಊರು ಇದು. ಸುತ್ತಲಿನ ಶಹಾಪುರ, ಸುರಪುರ ತಾಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ಮೊನ್ನೆ ಶಹಾಪುರದ ಸಂತೆಗೆ ಹೋದಾಗ ತಾಂಡಾದ ಅಜ್ಜಿಯೊಬ್ಬರು ಗೋಣಿ ಹಾಸಿ ಕೂತಿದ್ದರು. ಎದುರಿಗೆ ಐದಾರು ಚೀಲ. ಕೆಂಪು ಬಟ್ಟೆಯ ಮೇಲೆ ಕನ್ನಡಿ ಚೂರು, ಕವಡೆ, ಬಣ್ಣಬಣ್ಣದ ದಾರ. ಆರುನೂರು ಅಂದರು. ನಾವು ಮುನ್ನೂರರಿಂದ ಶುರು ಮಾಡಿದೆವು.

“ಹಜರತ್ರ, ಇದನ್ನ ಹೊಲ್ದು ಹೊಲ್ದು ಕಣ್ಣ ಹೋಗ್ಯಾವ್ರಿ” ಅಂದರು ಅಜ್ಜಿ. ನಾವು ಹೊರಟು ಹೋಗುವವರ ಹಾಗೆ ನಾಲ್ಕು ಹೆಜ್ಜೆ ಹಾಕಿದೆವು. ಕರೆದು ಮುನ್ನೂರೈವತ್ತಕ್ಕೆ ಕೊಟ್ಟರು.

ಮನೆಗೆ ಬಂದು ಹೆಮ್ಮೆಯಿಂದ ತೋರಿಸಿದರೆ, ನಮ್ಮ ಮನೆಯವರು ಚೀಲವನ್ನು ಒಳಮಗುಚಿ ಹೊಲಿಗೆಯ ಹಿಂಬದಿ ನೋಡಿದರು. “ಇದು ಕೈಯದ್ದೇ ಕೆಲಸ. ಕಡಿಮೆ ಅಂದ್ರೂ ಐದು ದಿನ ಹಿಡಿದಿರ್ತದೆ. ಎಷ್ಟು ಕೊಟ್ರಿ?” ಎಂದು ಕೇಳಿದರು. ಹೇಳಿದೆವು. ಅವರು ಮತ್ತೇನೂ ಮಾತಾಡದೆ ಚೀಲವನ್ನು ಮೊಳೆಗೆ ತೂಗುಹಾಕಿದರು.

ರಾತ್ರಿ ಕೂತು ನಾವೇ ಲೆಕ್ಕ ಹಾಕಿದೆವು. ಬಟ್ಟೆ, ದಾರ, ಕನ್ನಡಿಗೆ ನೂರು ರೂಪಾಯಿ ತೆಗೆದಿಡಿ. ಉಳಿದದ್ದು ಇನ್ನೂರೈವತ್ತು. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಐವತ್ತು. ನಮ್ಮ ರಾಜ್ಯದಲ್ಲಿ 2025-26ನೇ ಸಾಲಿಗೆ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅಜ್ಜಿ ಹೇಳಿದ ಆರುನೂರನ್ನೇ ಕೊಟ್ಟಿದ್ದರೂ ದಿನಕ್ಕೆ ನೂರು ದಾಟುತ್ತಿರಲಿಲ್ಲ. ಸಂತೆಯಲ್ಲಿ ನಾವು ಗೆದ್ದು ತಂದದ್ದು ಒಬ್ಬ ಮುದುಕಿಯ ಕೂಲಿಯನ್ನು.

ಇದು ತಾಂಡಾದ ಕತೆ, ನಮಗೇನು ಎಂದು ಓದುಗರು ಪುಟ ತಿರುಗಿಸಬೇಡಿ. ನಮ್ಮ ಮನೆಗಳ ಕತೆಯೂ ಇದೇ.

ಕಾಸರಗೋಡಿನ ತಳಂಗರೆಯ ತೊಪ್ಪಿಯನ್ನೇ ನೋಡಿ. ಬಿಳಿ ಬಟ್ಟೆಯ ಮೇಲೆ ಸೂಜಿಯಲ್ಲಿ ಚಿತ್ತಾರ ತೆಗೆದ ಆ ತೊಪ್ಪಿ ಒಂದು ಕಾಲದಲ್ಲಿ ಕೊಲ್ಲಿ ದೇಶಗಳಿಗೆ ಹೋಗುತ್ತಿತ್ತು. ಮನೆಮನೆಯಲ್ಲಿ ಹೊಲಿಯುತ್ತಿದ್ದರು. ಈಗ ಹೊಲಿಯುವ ಕೈಗಳು ಬೆರಳೆಣಿಕೆಗೆ ಬಂದಿವೆ. ಮೆಶಿನ್ ತೊಪ್ಪಿ ಅಗ್ಗಕ್ಕೆ ಬಂತು ಎನ್ನುವುದು ನಿಜ. ಆದರೆ ಅದೊಂದೇ ಕಾರಣವೆಂದು ನಮಗನಿಸುವುದಿಲ್ಲ. ದಿನಗಟ್ಟಲೆ ಹೊಲಿದು ಒಂದು ದಿನದ ಕೂಲಿಯೂ ಹುಟ್ಟದ ಕೆಲಸವನ್ನು ಯಾವ ಉಮ್ಮ ತನ್ನ ಮಗಳಿಗೆ ಕಲಿಸುತ್ತಾಳೆ?

ಈಗ ಬೀಡಿಯನ್ನು ನೆನಪಿಸಿಕೊಳ್ಳಿ. ನಮ್ಮ ಎಷ್ಟೋ ಮನೆಗಳ ಅನ್ನ ಬೀಡಿಯದ್ದು. ಬೀಡಿಗೆ ಸಾವಿರದ ಲೆಕ್ಕವಿದೆ. ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಕಟ್ಟು ಎಷ್ಟು ಎಂದು ಬರೆದಿಡುವ ಪುಸ್ತಕವಿದೆ. ಬೀಡಿ ಕೆಲಸಗಾರರಿಗೆಂದೇ 1966ರಲ್ಲಿ ಕಾನೂನು ಬಂತು. ಮೋಸ ನಡೆಯಲಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಸಾವಿರ ಬೀಡಿಗೆ ಇಂತಿಷ್ಟು ಮಜೂರಿ ಎಂದು ಓದಲು ಬಾರದ ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಅದೇ ಕೈ ತಲೆದಿಂಬಿನ ಕವರಿಗೆ, ತೊಪ್ಪಿಗೆ, ಮದುಮಗಳ ಬಟ್ಟೆಗೆ ಹೂ ತೆಗೆದರೆ ಲೆಕ್ಕವೇ ಇಲ್ಲ. ಯಾಕೆ? ಅದು “ಪುರುಸೊತ್ತಿನ ಕೆಲಸ” ಎಂದು ನಾವು ಗಂಡಸರು ಹೆಸರಿಟ್ಟುಬಿಟ್ಟಿದ್ದೇವೆ. ಪುರುಸೊತ್ತಿಗೆ ಯಾರು ಕೂಲಿ ಕೊಡುತ್ತಾರೆ?

ಈಗ ಕಾಲ ಸ್ವಲ್ಪ ತೆರೆದುಕೊಂಡಿದೆ. ಮಂಗಳೂರಿನ ಕರಾವಳಿ ಉತ್ಸವ, ಮೈಸೂರು ದಸರಾ ವಸ್ತುಪ್ರದರ್ಶನ, ಸ್ವಸಹಾಯ ಸಂಘಗಳ ಸರಸ್ ಮೇಳ, ಕೇಂದ್ರ ಸರಕಾರದ ಗಾಂಧಿ ಶಿಲ್ಪ ಬಜಾರ್ ಹೀಗೆ ಕೈಕೆಲಸ ಮಾರಲು ಜಾಗಗಳಿವೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಮಾಡಿಸಿಕೊಂಡರೆ ಸರಕಾರಿ ಮೇಳಗಳಿಗೆ ಅರ್ಜಿ ಹಾಕುವ ದಾರಿ ಸಿಗುತ್ತದೆ. ಕೈಕಸುಬಿನ ವಸ್ತು ಮಾರುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ, ಕೇರಳದಂಥ ಹೊರರಾಜ್ಯದ ಮೇಳಕ್ಕೆ ಹೋದರೂ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಪ್ಯಾನ್ ಕಾರ್ಡ್, ಇ-ವೇ ಬಿಲ್ ಇರಬೇಕು ಅಷ್ಟೆ. ಇದು ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಮಾಲನ್ನು ಮಧ್ಯವರ್ತಿಯ ಕೈಗೆ ಕೊಟ್ಟು, ಅವನು ಕೊಟ್ಟಷ್ಟನ್ನು ಹಿಡಿದುಕೊಂಡು ಸುಮ್ಮನಾಗುತ್ತಾರೆ.

ಒಬ್ಬೊಬ್ಬರೇ ಹೋಗಿ ನಿಂತರೆ ನಮ್ಮಂಥವರು ಚೌಕಾಸಿ ಮಾಡಿಯೇ ಮಾಡುತ್ತೇವೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಂಗಸರು ಕುಶಲ ಕಲಾ ಕೇಂದ್ರದ ಅಡಿಯಲ್ಲಿ ಒಟ್ಟಾಗಿ ಕೆಲಸ ಮಾಡುತ್ತಾರೆ. ಅವರ ಕಸೂತಿಗೆ ಜಿಐ ಮಾನ್ಯತೆಯೂ ಇದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅಲ್ಲಿನ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಶಹಾಪುರದ ಅಜ್ಜಿಯ ಕೈಯಲ್ಲೂ ಅದೇ ಕೆಲಸವಿದೆ. ಇಲ್ಲದ್ದು ಸಂಘ, ಮತ್ತು ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಬರೆದು ತೂಗುಹಾಕಿದ ದರಪಟ್ಟಿ.

“ಉಸ್ತಾದರೇ, ನಮ್ಮ ಹೆಣ್ಣುಮಕ್ಕಳು ಮೇಳದಲ್ಲಿ ಕೂತು ಮಾರುವುದಾ?” ಎಂದು ಕೇಳುವವರಿದ್ದಾರೆ. ಬೀಡಿ ಬ್ರಾಂಚಿನ ಜಗಲಿಯಲ್ಲಿ ಸಾಲು ನಿಂತು ಬೀಡಿ ಕೊಟ್ಟು ಬಂದದ್ದು ಯಾರು? ಆಗ ಬಾರದ ಸಂಕೋಚ ಈಗ ಯಾಕೆ? ಖದೀಜಾ ಬೀವಿ (ರ.ಅ.) ವ್ಯಾಪಾರಸ್ಥೆಯಾಗಿದ್ದರು ಎಂದು ನಾವು ಮದ್ರಸದ ಸಣ್ಣ ಮಕ್ಕಳಿಗೇ ಕಲಿಸುತ್ತೇವೆ. ಅದಬಿನಿಂದ, ಮನೆಯವರ ಜೊತೆಗೋ ನಾಲ್ಕು ಜನ ಸೇರಿಯೋ ಕೂತು ತನ್ನ ಕೈಯ ಕೆಲಸವನ್ನು ತಾನೇ ಮಾರುವುದರಲ್ಲಿ ನಮಗೆ ತಪ್ಪು ಕಾಣುವುದಿಲ್ಲ. ಹೋಗಲು ಮನಸ್ಸಿಲ್ಲದವರು ಹೋಗದಿರಲಿ. ಆದರೆ ಮಳಿಗೆಯ ಮೇಜಿನ ಮೇಲಿರುವ ಯುಪಿಐ ಸ್ಕ್ಯಾನರ್ ಯಾರ ಖಾತೆಯದ್ದು ಎಂದು ಕೇಳುವ ಹಕ್ಕು ಹೊಲಿದವಳಿಗಿದೆ. ಹೊಲಿದವಳು ಒಬ್ಬಳು, ದುಡ್ಡು ಹೋಗುವುದು ಭಾವನ ಖಾತೆಗೆ ಎಂದಾದರೆ ಅದು ಅವಳ ವ್ಯಾಪಾರವಲ್ಲ.

ಮಾರುವವರಿಗೂ ಒಂದು ಮಾತು. ನಾಲ್ಕು ಕೈಕೆಲಸದ ಜೊತೆ ನಲವತ್ತು ಮೆಶಿನ್ ಮಾಲು ಬೆರೆಸಿ “ಎಲ್ಲಾ ಕೈಯದ್ದೇ” ಎಂದು ಮಾರುವ ಚಾಳಿ ಮೇಳಗಳಲ್ಲಿ ಇದೆ. ಬಟ್ಟೆ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಮೆಶಿನ್ ಹೊಲಿಗೆಯ ಹಿಂದೆ ಬಾಬಿನ್ ದಾರ ಒಂದೇ ಸಮನೆ ಓಡಿರುತ್ತದೆ. ಕೈ ಹೊಲಿಗೆಯಲ್ಲಿ ಸೂಜಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿದ ಜಾಡು, ದಾರ ಮುಗಿದಲ್ಲಿ ಮುಗಿಸಿದ ಗುರುತು ಕಾಣುತ್ತದೆ. ಒದ್ದೆ ಧಾನ್ಯವನ್ನು ರಾಶಿಯ ಒಳಗಿಟ್ಟು ಮೇಲೆ ಒಣಗಿದ್ದನ್ನು ತೋರಿಸಿದ ವ್ಯಾಪಾರಿಯನ್ನು ಪ್ರವಾದಿಯವರು (ಸ.ಅ.) ಮಾರುಕಟ್ಟೆಯಲ್ಲೇ ಪ್ರಶ್ನಿಸಿದ್ದು ನಮಗೆಲ್ಲ ಗೊತ್ತಿದೆ. ಮೆಶಿನ್ ಮಾಲು ಮಾರುವುದು ತಪ್ಪಲ್ಲ, ಮೆಶಿನ್ ಎಂದು ಹೇಳಿಯೇ ಮಾರಿ. ಒಮ್ಮೆ ಮೋಸ ಹೋದ ಗಿರಾಕಿ ಮುಂದೆ ನಿಜವಾದ ಕೈಕೆಲಸಕ್ಕೂ ಮೆಶಿನ್ ರೇಟೇ ಕೇಳುತ್ತಾನೆ. ಅದರ ನಷ್ಟ ಹೊಲಿಯುವವಳಿಗೆ.

ಹಾಗಾದರೆ ಮಾಡಬೇಕಾದ್ದೇನು? ಬೀಡಿ ಪುಸ್ತಕದ ಹಾಗೆ ಸೂಜಿಗೂ ಒಂದು ಪುಸ್ತಕ ಇಡಿ. ಮಗಳ ಶಾಲೆಯ ಹಳೇ ನೋಟ್‌ಬುಕ್ಕೇ ಸಾಕು. ಯಾವ ದಿನ ಎಷ್ಟು ಗಂಟೆ ಹೊಲಿದೆ, ಬಟ್ಟೆಗೆ ಎಷ್ಟು, ದಾರಕ್ಕೆ ಎಷ್ಟು, ಮಳಿಗೆಯ ಬಾಡಿಗೆ ಮತ್ತು ಬಸ್ಸಿಗೆ ಎಷ್ಟು ಎಂದು ಬರೆಯಿರಿ. ಅದರ ಮೇಲೆ ಒಂದು ದಿನದ ನ್ಯಾಯವಾದ ಕೂಲಿ ಹಾಕಿ ಬೆಲೆ ಇಡಿ. ಆ ಬೆಲೆಗೆ ಹೋಗದಿದ್ದರೆ ಡಿಸೈನ್ ಸಣ್ಣದು ಮಾಡಿ, ಹೊಲಿಗೆ ಕಡಿಮೆ ಮಾಡಿ. ನಿಮ್ಮ ಕೂಲಿಯನ್ನು ಮಾತ್ರ ಕಡಿಮೆ ಮಾಡಬೇಡಿ. ಊರಿನ ಜಮಾಅತ್‌ನವರು ಹತ್ತು ಮನೆಗಳನ್ನು ಸೇರಿಸಿ ಒಂದು ಸ್ವಸಹಾಯ ಸಂಘ ಮಾಡಿಸಿ, ಅರ್ಜಿ ತುಂಬಿಸಿ ಕೊಟ್ಟರೆ ಇನ್ನೂ ಒಳ್ಳೆಯದು.

ಕೊಳ್ಳುವ ನಾವು ಮಾಡಬೇಕಾದ್ದು ಇನ್ನೂ ಸುಲಭ. ರೇಟ್ ಕೇಳುವ ಮೊದಲು “ಎಷ್ಟು ದಿನ ಹಿಡಿಯಿತು?” ಎಂದು ಕೇಳೋಣ. ಆಮೇಲೂ ಚೌಕಾಸಿ ಮಾಡುವ ಮನಸ್ಸಾದರೆ ಮಾಡೋಣ.

ಮುಂದಿನ ವಾರ ನಾವು ಅದೇ ಸಂತೆಗೆ ಹೋದೆವು. ಅಜ್ಜಿ ಬಂದಿರಲಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿ ಮಾರುವವನನ್ನು ವಿಚಾರಿಸಿದರೆ, “ಚೀಲ ಖಾಲಿ ಆಗ್ಯಾವ್ರಿ, ಹೊಲ್ದಾದ ಮ್ಯಾಲ ಬರ್ತಾಳ” ಅಂದ. ಉಳಿದ ಇನ್ನೂರೈವತ್ತು ರೂಪಾಯಿ ಕೊಡಬೇಕಾಗಿದೆ. ಮುಂದಿನ ಸಂತೆಗೂ ಹೋಗುತ್ತೇವೆ.