ತಂತಿ ಎಳೆಯುವವನ ಮಾತಿಗೂ ನಕ್ಷೆಯಲ್ಲಿ ಸ್ಥಳವಿರಲಿ

ಬಹುಮಹಡಿಯ ವಾಣಿಜ್ಯ ಸೌಧಗಳು ಇಂದು ನಮ್ಮ ನಗರಗಳ ಹೆಮ್ಮೆಯಾಗಿವೆ. ಬೆಂಗಳೂರಿನ ರಸ್ತೆಗಳಲ್ಲಿ ತಲೆಯೆತ್ತಿ ನೋಡುವವನಿಗೆ ಗಾಜು, ಕಲ್ಲು, ಉಕ್ಕು ಕಾಣಿಸುತ್ತವೆಯೇ ಹೊರತು, ಆ ಗೋಡೆಗಳೊಳಗೆ ಮೈಲಿಗಟ್ಟಲೆ ಹರಿದಿರುವ ವಿದ್ಯುತ್ತಿನ ತಂತಿಗಳು ಕಾಣಿಸುವುದಿಲ್ಲ. ತಂತಿಯೇ ಕಾಣಿಸದ ಮೇಲೆ ಅದನ್ನು ಎಳೆದ ಕೈಗಳು ಕಾಣಿಸುವುದಾದರೂ ಹೇಗೆ? ಕಲಾ ಕಾಲೇಜಿನ ವಿದ್ಯಾರ್ಥಿಗೆ ಈ ವಿಷಯವೇಕೆಂದು ಕೆಲವು ಮಿತ್ರರು ನಗಬಹುದು. ತಂತಿಯನ್ನು ತಯಾರಿಸುವುದು ವಿಜ್ಞಾನಕ್ಕೆ ಸೇರಿದ್ದಿರಬಹುದು. ಆದರೆ ಅದನ್ನು ಎಳೆಯುವ ಶ್ರಮ ಯಾರ ಪಾಲಿಗೆ, ಆ ಶ್ರಮದ ಫಲ ಯಾರ ಜೇಬಿಗೆ ಎಂಬ ಪ್ರಶ್ನೆ ನಾವು ಓದುವ ಅರ್ಥಶಾಸ್ತ್ರದ್ದೇ ಆಗಿದೆ.

ಈ ಕೆಲಸವನ್ನು ಸುಲಭಗೊಳಿಸುವುದು ಹೇಗೆಂದು ಕೇಳಿದರೆ ಬಹುಮಂದಿ ಹೊಸ ಹೊಸ ಯಂತ್ರಗಳತ್ತ ಬೆರಳು ತೋರಿಸುತ್ತಾರೆ. ಯಂತ್ರಗಳು ಬೇಕು, ಸಂದೇಹವಿಲ್ಲ. ಆದರೆ ನನ್ನ ಅಭಿಪ್ರಾಯವೇ ಬೇರೆ. ಕೆಲಸ ಸುಲಭವೋ ಕಷ್ಟವೋ ಎಂಬುದು ತಂತಿ ಎಳೆಯುವ ದಿನ ತೀರ್ಮಾನವಾಗುವುದಿಲ್ಲ. ನಕ್ಷೆ ಬರೆಯುವ ದಿನವೂ ಮೋಲ್ಡ್ ಹಾಕುವ ದಿನವೂ ತೀರ್ಮಾನವಾಗಿಹೋಗಿರುತ್ತದೆ. ಆ ಎರಡು ದಿನಗಳಲ್ಲಿಯೂ ವೈರ್‌ಮನ್ನನನ್ನು ಕೇಳುವವರಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಪೈಪಿಗೂ ಸಲ್ಲುತ್ತದೆ. ಕಾಂಕ್ರೀಟಿನೊಳಗೆ ಹೂತುಹೋದ ಪೈಪು ಮತ್ತೆ ಯಾರ ಮಾತನ್ನೂ ಕೇಳುವುದಿಲ್ಲ.

ತಿರುವುಗಳ ಲೆಕ್ಕವನ್ನೇ ನೋಡೋಣ. ಪೈಪು ಒಮ್ಮೆ ಲಂಬವಾಗಿ ತಿರುಗಿದರೆ ತಂತಿಯ ಎಳೆತ ಸ್ವಲ್ಪ ಹೆಚ್ಚುತ್ತದೆ, ನಾಲ್ಕು ಸಲ ತಿರುಗಿದರೆ ಅದರ ನಾಲ್ಕರಷ್ಟು ಹೆಚ್ಚುತ್ತದೆ ಎಂದು ನಾವು ತಿಳಿಯುತ್ತೇವೆ. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಘರ್ಷಣೆಯ ಗುಣಾಂಕವನ್ನು 0.5 ಎಂದು ಹಿಡಿದರೆ, ಒಂದು ಲಂಬ ತಿರುವಿನಲ್ಲಿ ಎಳೆತ ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ನಾಲ್ಕು ತಿರುವುಗಳಲ್ಲಿ ಅದು ಸುಮಾರು 23 ಪಟ್ಟಾಗುತ್ತದೆ. ತಂತಿಗೆ ತಕ್ಕ ಲೇಪವನ್ನು ಸವರಿ ಗುಣಾಂಕವನ್ನು 0.25ಕ್ಕೆ ಇಳಿಸಿದರೆ ಅದೇ ನಾಲ್ಕು ತಿರುವುಗಳಲ್ಲಿ ಎಳೆತ 5 ಪಟ್ಟಿಗಿಂತ ಕಡಮೆಯಾಗುತ್ತದೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ಎಳೆಯುವ ಎರಡು ಸ್ಥಳಗಳ ನಡುವೆ ಎಲ್ಲ ತಿರುವುಗಳೂ ಸೇರಿ 360 ಡಿಗ್ರಿಗಳನ್ನು ಮೀರಬಾರದೆಂದು ವಿಧಿಸಿರುವುದು ಈ ಕಷ್ಟವನ್ನು ಬಲ್ಲುದರಿಂದಲೇ. ಅಂದರೆ, ನಡುವೆ ಒಂದು ಜಂಕ್ಷನ್ ಬಾಕ್ಸನ್ನು ಹೆಚ್ಚಾಗಿ ಇಟ್ಟರೆ ಎಷ್ಟೋ ತೋಳುಗಳ ನೋವು ತಪ್ಪುತ್ತದೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ನನ್ನ ಅಣ್ಣ ವೈರಿಂಗ್ ಕೆಲಸದವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಶುಲ್ಕ ಕಟ್ಟಿದವನು ಅವನು. ಕಳೆದ ಬೇಸಿಗೆಯ ರಜೆಯಲ್ಲಿ ಎಂಟು ಅಂತಸ್ತಿನ ಕಟ್ಟಡವೊಂದರಲ್ಲಿ ನಾನು ಅವನಿಗೆ ಕೈಯಾಳಾಗಿದ್ದೆ. ಮೂರನೆಯ ಅಂತಸ್ತಿನ ಪೈಪೊಂದರಲ್ಲಿ ನಾವು ಬಿಟ್ಟ ಸ್ಪ್ರಿಂಗ್ ನಾಲ್ಕು ಮಾರು ಹೋಗಿ ನಿಂತಿತು. ಮೋಲ್ಡ್ ಹಾಕುವಾಗ ಪೈಪಿನ ಬಾಯನ್ನು ಯಾರೂ ಮುಚ್ಚದೆ, ಸಿಮೆಂಟಿನ ಹಾಲು ಒಳಗಿಳಿದು ಕಲ್ಲಾಗಿತ್ತು. ಅದನ್ನು ಹುಡುಕಿ ಒಡೆದು ಸರಿಪಡಿಸುವುದರಲ್ಲಿ ಒಂದೂವರೆ ದಿನ ಕಳೆಯಿತು. ಕೂಲಿಯೋ ಪಾಯಿಂಟಿನ ಲೆಕ್ಕದ್ದು. ಪಾಯಿಂಟ್ ಮುಗಿಯದ ಆ ಒಂದೂವರೆ ದಿನಕ್ಕೆ ಅಣ್ಣನಿಗೆ ದೊರೆತದ್ದು ಏನೂ ಇಲ್ಲ. ಯಾರದೋ ಅವಸರದ ದಂಡವನ್ನು ಮತ್ತಾರೋ ತೆರುವ ಈ ವ್ಯವಸ್ಥೆಯೇ ನನಗೆ ಮುಖ್ಯ ತೊಡಕಾಗಿ ಕಾಣುತ್ತದೆ. ನಷ್ಟ ಕೆಳಗಿನವನದಾಗಿರುವವರೆಗೆ ಮೇಲಿನವರು ಸುಧಾರಣೆಯ ಗೋಜಿಗೆ ಏಕೆ ಹೋದಾರು?

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ನಕ್ಷೆ ಅಂತಿಮವಾಗುವ ಮುನ್ನ ಅನುಭವಸ್ಥನಾದ ವೈರ್‌ಮನ್ನನೊಬ್ಬನು ಅದನ್ನು ನೋಡಿ, ಬಾಕ್ಸು ಎಲ್ಲಿ ಬೇಕು, ತಿರುವು ಎಲ್ಲಿ ಬೇಡ ಎಂದು ಹೇಳುವಂತಾಗಬೇಕು. ಎರಡನೆಯದಾಗಿ, ಮೋಲ್ಡ್ ಹಾಕುವ ದಿನ ಅವನು ಕೂಲಿಸಹಿತ ಸ್ಥಳದಲ್ಲಿರಬೇಕು. ಪೈಪುಗಳ ಬಾಯಿ ಮುಚ್ಚಿಸಿ, ಒಳಗೊಂದು ಎಳೆತಂತಿಯನ್ನು ಬಿಟ್ಟು, ಕಾಂಕ್ರೀಟು ಬೀಳುವ ಮುನ್ನ ಛಾಯಾಚಿತ್ರ ತೆಗೆದಿಡಬೇಕು. ಇಂದು ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುವಾಗ ಇದೇನು ದೊಡ್ಡ ಖರ್ಚಲ್ಲ. ಮೂರನೆಯದಾಗಿ, ವಾಣಿಜ್ಯ ಕಟ್ಟಡಗಳಲ್ಲಿ ಅಂತಸ್ತುಗಳು ಬಹುಮಟ್ಟಿಗೆ ಒಂದೇ ಬಗೆಯವು. ಆದುದರಿಂದ ತಂತಿಗಳನ್ನು ಕೆಳಗೇ ಅಳೆದು, ಕತ್ತರಿಸಿ, ಗುರುತು ಕಟ್ಟಿ ಮೇಲಕ್ಕೆ ಕಳುಹಿಸಬಹುದು. ಅಂಗಡಿಯಿಂದ ಬರುವ 90 ಮೀಟರಿನ ಸುರುಳಿಗಳನ್ನು ನೆಲದ ಮೇಲೆ ಬಿಚ್ಚಿ ಸಿಕ್ಕುಮಾಡಿಕೊಳ್ಳುವ ಬದಲು ತಿರುಗುವ ಸ್ಟ್ಯಾಂಡಿಗೆ ಏರಿಸಿದರೆ ನಾಲ್ಕಾರು ತಂತಿಗಳು ಒಟ್ಟಿಗೆ ಬರುತ್ತವೆ. ನಾಲ್ಕನೆಯದಾಗಿ, ಪೈಪು ಕಟ್ಟಿಕೊಂಡದ್ದು ವೈರ್‌ಮನ್ನನ ದೋಷವಲ್ಲದಿದ್ದರೆ ಆ ದಿನದ ಕೂಲಿಯನ್ನು ಕೊಡತಕ್ಕದ್ದೆಂದು ಕರಾರಿನಲ್ಲೇ ಬರೆಯಬೇಕು.

ಕೆಲಸ ಸುಲಭವಾದರೆ ಕೆಲಸಗಾರರ ಸಂಖ್ಯೆಯೇ ಕಡಮೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ ಕಾಂಕ್ರೀಟು ಒಡೆಯುವುದು ವೈರ್‌ಮನ್ನನ ವಿದ್ಯೆಯಲ್ಲ; ಅದು ಉಳಿದರೆ ಅವನಿಗೆ ಹೊಟ್ಟೆ ತುಂಬುವುದೂ ಇಲ್ಲ. ಉಳಿದ ಸಮಯ ಮೆಗ್ಗರ್ ಹಿಡಿದು ಪ್ರತಿಯೊಂದು ತಂತಿಯ ಹೊದಿಕೆಯನ್ನು ಪರೀಕ್ಷಿಸುವುದಕ್ಕೆ, ಜೋಡಣೆಗಳನ್ನು ಬಿಗಿಗೊಳಿಸುವುದಕ್ಕೆ ಸಲ್ಲಲಿ. ಸುಲಭವಾಯಿತೆಂಬ ನೆಪದಲ್ಲಿ ಪಾಯಿಂಟಿನ ದರವನ್ನು ಇಳಿಸುವುದಾದರೆ ಮಾತ್ರ ಅಂತಹ ಸುಧಾರಣೆಯನ್ನು ನಾನು ಒಪ್ಪಲಾರೆ.

ಇದು ಕೂಲಿಯವನ ಹಿತ ಮಾತ್ರವಲ್ಲ, ನಮ್ಮೆಲ್ಲರ ಪ್ರಾಣದ ಪ್ರಶ್ನೆಯೂ ಹೌದು. ಬಲವಂತದಿಂದ ಎಳೆದ ತಂತಿಯ ಹೊದಿಕೆ ಒಳಗೇ ತರಚುತ್ತದೆ; ಕಿಕ್ಕಿರಿದ ಪೈಪಿನಲ್ಲಿ ಶಾಖ ಹೊರಹೋಗದೆ ಉಳಿಯುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಮಂದಿ ಮಡಿದರು. ಆ ಬೆಂಕಿ ಹೊತ್ತಿದ್ದು ವಿದ್ಯುತ್ ತಂತಿಗಳು ಹಾದುಹೋಗುವ ನಾಳದಲ್ಲಿ. ಆ ದುರಂತದ ಕಾರಣಗಳನ್ನೆಲ್ಲ ತಂತಿ ಎಳೆಯುವ ಕಷ್ಟಕ್ಕೇ ಕಟ್ಟುವುದು ನನ್ನ ಉದ್ದೇಶವಲ್ಲ. ಆದರೆ ನಾಳವೆಂಬುದು ನಕ್ಷೆಯಲ್ಲಿ ಉಳಿದ ಮೂಲೆಯಾಗಬಾರದು ಎಂಬ ಪಾಠ ಅದರಲ್ಲಿದೆ. ಕೈಯಾಡುವಷ್ಟು ಸ್ಥಳವಿದ್ದರೆ ಮಾತ್ರ ತಂತಿಗಳನ್ನು ಕ್ರಮವಾಗಿ ಕಟ್ಟಲೂ, ಪ್ರತಿ ಅಂತಸ್ತಿನಲ್ಲಿ ಆ ರಂಧ್ರವನ್ನು ಹೊಗೆ ಏರದಂತೆ ಮುಚ್ಚಲೂ ಸಾಧ್ಯ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ನಾಳೆ ಕಚೇರಿಗಳಲ್ಲಿ ಕುಳಿತು ಟೆಂಡರುಗಳನ್ನೂ ಕರಾರುಗಳನ್ನೂ ಬರೆಯುವವರು, ತಿದ್ದುವವರು ಆಗುತ್ತೇವೆ. ಆಗ ಬಣ್ಣಕ್ಕೆ ಇಷ್ಟು, ಗಾಜಿಗೆ ಇಷ್ಟು ಎಂದು ಬರೆಯುವ ಹಾಳೆಯಲ್ಲಿ, ಮೋಲ್ಡ್ ಹಾಕುವ ದಿನದ ವೈರ್‌ಮನ್ನನ ಕೂಲಿಗೆಂದು ಒಂದು ಸಾಲು ಸೇರಿಸೋಣ. ಇಂಜಿನಿಯರಿಂಗ್ ಓದದ ನಮಗೂ ಸಾಧ್ಯವಾದ ಕೆಲಸವದು.