ಮೂಕಪ್ರಾಣಿಗಳ ಸೇವೆಯೂ ಸೈಕಲ್ ಯಾತ್ರೆಯೂ

ಒಂದು ಸತ್ಕಾರ್ಯಕ್ಕೆ ಹಣ ಕೂಡಿಸುವುದಕ್ಕಾಗಿ ಬಹುದೂರದವರೆಗೆ ಸೈಕಲ್ಲಿನ ಮೇಲೆ ಪ್ರಯಾಣ ಮಾಡುವ ಪದ್ಧತಿಯು ಈಗ ಅನೇಕ ದೇಶಗಳಲ್ಲಿ ರೂಢಿಗೆ ಬಂದಿದೆ. ಇಷ್ಟು ದೂರ ಕ್ರಮಿಸುವೆನೆಂದು ಸವಾರನು ಮಾತು ಕೊಡುವನು; ಕಿಲೋಮೀಟರಿಗೆ ಇಷ್ಟು ರೂಪಾಯಿ ಕೊಡುವೆವೆಂದು ಅವನ ಬಂಧುಮಿತ್ರರು ಮಾತು ಕೊಡುವರು; ಯಾತ್ರೆ ಮುಗಿದ ಮೇಲೆ ಕೂಡಿದ ಮೊತ್ತವು ಅನಾಥರಿಗೋ ರೋಗಿಗಳಿಗೋ ಮೂಕಪ್ರಾಣಿಗಳಿಗೋ ಸಲ್ಲುವುದು. ದೆಹಲಿಯಿಂದ ಚೆನ್ನೈಗೆ ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯು ಹಾವೇರಿ, ರಾಣೇಬೆನ್ನೂರುಗಳ ಮಗ್ಗುಲಲ್ಲಿಯೇ ಹಾಯುವುದರಿಂದ ದೂರದ ಸೈಕಲ್ ಸವಾರರು ನಮ್ಮ ಸೀಮೆಯ ಜನರಿಗೆ ಅಪರಿಚಿತರಲ್ಲ. ಇಂಥದೊಂದು ಯಾತ್ರೆಯನ್ನು ಹಾವೇರಿಯಿಂದ ಬ್ಯಾಡಗಿಯ ಮಾರ್ಗವಾಗಿ ರಾಣೇಬೆನ್ನೂರಿನವರೆಗೆ ನಮ್ಮ ಶಾಲೆಯ ಮೇಲಿನ ತರಗತಿಗಳ ಬಾಲಿಕೆಯರೇ ಕೈಕೊಳ್ಳಬೇಕು, ಅದರ ಹಣವು ಸಂಕಟದಲ್ಲಿರುವ ಪ್ರಾಣಿಗಳಿಗೆ ಮುಟ್ಟಬೇಕು ಎಂಬ ನಮ್ಮ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುತ್ತೇವೆ.

ನಮ್ಮ ಜಿಲ್ಲೆಯವರಿಗೆ ಪ್ರಾಣಿಗಳ ಮೇಲೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಅವುಗಳನ್ನು ಪೂಜಿಸಿ ಮೆರೆಯಿಸುವರು. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳೂ ಮನೆಯೊಳಗೆ ಪೂಜೆ ಹೊಂದುವುವು. ದೀಪಾವಳಿಯ ಹೊತ್ತಿಗೆ ಹೋರಿ ಬೆದರಿಸುವ ಹಬ್ಬ ಬಂದರೆ ಸಾಕಿದ ಹೋರಿಗೆ ಕೊಬ್ಬರಿಯ ಹಾರ ಕಟ್ಟಿ, ಜೂಲು ಹೊದಿಸಿ, ಅದನ್ನು ಹೆಸರಿಟ್ಟು ಕರೆದು, ಮನೆಯ ಮಗನಂತೆ ಹೆಮ್ಮೆಪಡುವರು. ಇದೆಲ್ಲವೂ ನಿಜವಾದ ಅಕ್ಕರೆಯೇ ಸರಿ. ಆದರೆ ಈ ಅಕ್ಕರೆಯು ಬಹುಮಟ್ಟಿಗೆ ಬಲಿಷ್ಠವಾದ, ಚೆಲುವಾದ, ಉಪಯೋಗಕ್ಕೆ ಬರುವ ಪ್ರಾಣಿಯ ಪಾಲಿಗೆ ಬಂದದ್ದು ಎಂಬುದನ್ನು ನಾವು ವಿಚಾರಿಸಿ ನೋಡಬೇಕಾಗಿದೆ. ಹೆಗಲು ಹುಣ್ಣಾದ ಎತ್ತಿಗೆ ಯಾವ ಹಬ್ಬ? ಬೆನ್ನು ಕಿತ್ತುಹೋದ ಕತ್ತೆಗೆ ಯಾವ ಹುಣ್ಣಿಮೆ? ಹಾಲು ಬತ್ತಿದ ಮೇಲೆ ಬೀದಿಗೆ ಬಿಡಲ್ಪಟ್ಟು, ತಿಪ್ಪೆಯ ಮೇಲಿನ ಪ್ಲಾಸ್ಟಿಕ್ ಚೀಲಗಳನ್ನು ಮೆಲ್ಲುವ ಆಕಳಿಗೆ ಯಾರು ಆರತಿ ಎತ್ತುವರು? ಲಾರಿಗೆ ಸಿಕ್ಕು ಕಾಲು ಮುರಿದುಕೊಂಡ ನಾಯಿಯಂತೂ ಯಾವ ಪಂಚಾಂಗದಲ್ಲಿಯೂ ಇಲ್ಲ. ಹಬ್ಬವುಳ್ಳ ಪ್ರಾಣಿಗಳಿಗೆ ನಮ್ಮ ನೆರವು ಬೇಕಾಗಿಲ್ಲ. ಹಬ್ಬವಿಲ್ಲದ ಪ್ರಾಣಿಗಳಿಗಾಗಿಯೇ ನಾವು ಈ ಯಾತ್ರೆಯನ್ನು ಸೂಚಿಸುವುದು.

ಇಲ್ಲಿ ಒಂದು ಆಕ್ಷೇಪಣೆಯು ಬರತಕ್ಕದ್ದೇ ಆಗಿದೆ. ಹಸಿದ ಮನುಷ್ಯರು ಇರುವಾಗ ಪ್ರಾಣಿಗಳಿಗೆ ಹಣ ಕೂಡಿಸುವುದು ಸರಿಯೆ, ಎಂದು ಕೆಲವರು ಕೇಳುವರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಬಡವನ ಸಂಕಟವನ್ನೂ ಅವನ ಪಶುವಿನ ಸಂಕಟವನ್ನೂ ಬೇರೆಬೇರೆಯಾಗಿ ತೂಗಿ ನೋಡಲು ಬರುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗವು ಹಾವೇರಿಯೂ ಸೇರಿದಂತೆ ಕರ್ನಾಟಕದ ಅನೇಕ ಜಿಲ್ಲೆಗಳ ದನಗಳಿಗೆ ತಗಲಿದಾಗ, ಕೊಟ್ಟಿಗೆಯಲ್ಲಿ ಸತ್ತದ್ದು ಎತ್ತು; ಬಿತ್ತನೆಯಿಲ್ಲದೆ, ಹಾಲಿನ ಕಾಸಿಲ್ಲದೆ ಬಳಲಿದ್ದು ಮನೆತನ. ಹುಚ್ಚುನಾಯಿ ರೋಗದ ವಿಷಯವೂ ಹೀಗೆಯೇ. 1885ರಲ್ಲಿ ಲೂಯಿ ಪಾಶ್ಚರನು ನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ ಲಸಿಕೆ ಕೊಟ್ಟು ಬದುಕಿಸಿದಂದಿನಿಂದ ಆ ರೋಗವನ್ನು ತಡೆಯುವ ಬಗೆಯು ಜಗತ್ತಿಗೆ ಗೊತ್ತಾಗಿದೆ. ಆದರೂ ಅದರ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿಯು ಉಳಿಯುವುದು ಅತಿ ವಿರಳ. ಬೀದಿಯ ನಾಯಿಗೆ ಚುಚ್ಚಿದ ಲಸಿಕೆಯು ಆ ಬೀದಿಯಲ್ಲಿ ಆಡುವ ಮಗುವಿಗೆ ಕಟ್ಟಿದ ಕಾವಲು. ಆದುದರಿಂದ ಮನುಷ್ಯರು ಮೊದಲೋ ಪ್ರಾಣಿಗಳು ಮೊದಲೋ ಎಂಬ ವಾದವು ಪಟ್ಟಣದ ಪಡಸಾಲೆಯಲ್ಲಿ ಕುಳಿತವರಿಗೆ ಒಪ್ಪುವಂಥದು. ಒಂದು ಜೋಡಿ ಎತ್ತಿನ ಮೇಲೆ ಬಾಳುವೆ ಮಾಡುವವನ ಮನೆಯಲ್ಲಿ ಅದಕ್ಕೆ ಎಡೆಯಿಲ್ಲ.

ಸತ್ಯವೇದವನ್ನು ಓದುವವರಿಗೆ ಇದು ಹೊಸ ಮಾತೇನೂ ಅಲ್ಲ. ಮೋಶೆಯ ಧರ್ಮಶಾಸ್ತ್ರವು ಏಳನೆಯ ದಿನದ ವಿಶ್ರಾಂತಿಯನ್ನು ಎತ್ತು ಕತ್ತೆಗಳಿಗೂ ವಿಧಿಸಿದೆ. ಕಣದಲ್ಲಿ ತೆನೆ ತುಳಿಯುವ ಎತ್ತಿನ ಬಾಯಿ ಕಟ್ಟುವುದನ್ನು ನಿಷೇಧಿಸಿದೆ. ನಮ್ಮನ್ನು ದ್ವೇಷಿಸುವವನ ಕತ್ತೆಯು ಹೊರೆಯ ಕೆಳಗೆ ಕುಸಿದು ಬಿದ್ದಿದ್ದರೂ ನೋಡಿಯೂ ನೋಡದಂತೆ ಹೋಗಬಾರದೆಂದು ಬೋಧಿಸಿದೆ. ನಮ್ಮ ನೆರೆಯವರ ಮತಧರ್ಮಗಳಲ್ಲಿಯೂ ಜೀವದಯೆಯ ಬೋಧನೆಗೆ ಕೊರತೆಯಿಲ್ಲ. ಕನಕದಾಸರು ಹುಟ್ಟಿದ ಬಾಡ ಗ್ರಾಮವು ಈ ಜಿಲ್ಲೆಯಲ್ಲಿಯೇ ಇದೆ; ಪುಣ್ಯಕೋಟಿಯ ಕಥೆಯನ್ನು ಕೇಳಿ ಕಣ್ಣೀರು ತಾರದ ಮಗು ಕನ್ನಡನಾಡಿನಲ್ಲಿ ದುರ್ಲಭ. ಬೋಧನೆಯು ಸಾಕಷ್ಟಿದೆ, ಅದು ಬೀದಿಗೆ ಇಳಿದು ಬರಬೇಕಾಗಿದೆ.

ಬೀದಿಗೆ ಇಳಿಯಲು ಸೈಕಲ್ಲೇ ಏಕೆ? ಮೋಟಾರಿನಲ್ಲಿ ಹೋಗುವವರಿಗೆ ದಾರಿಯ ಪ್ರಾಣಿಯು ಒಂದು ಅಡ್ಡಿ ಮಾತ್ರ. ಸೈಕಲ್ಲಿನವಳಿಗೆ ಅದು ಒಡನಾಡಿ. ಎದುರುಗಾಳಿಯಲ್ಲಿ ಏರನ್ನು ತನ್ನ ಕಾಲ ಬಲದಿಂದಲೇ ಏರಿದ ಹುಡುಗಿಗೆ ಹೊರೆಯೆಳೆಯುವ ಎತ್ತಿನ ಏದುಸಿರು ಏನೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಭಾರ ಎಳೆಯುವ ಪ್ರಾಣಿಗಳ ಸಂಬಂಧವಾಗಿ 1965ರಲ್ಲಿ ಮಾಡಲ್ಪಟ್ಟ ಕೇಂದ್ರ ಸರಕಾರದ ನಿಯಮಗಳು ಅವುಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚಾಗಿಯಾಗಲಿ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚಾಗಿಯಾಗಲಿ ದುಡಿಸಬಾರದೆನ್ನುತ್ತವೆ; ಬಿಸಿಲು 37 ಡಿಗ್ರಿಯನ್ನು ಮೀರುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೂಡಲೇ ಬಾರದೆನ್ನುತ್ತವೆ; ಮೊಳೆ ಕೂಡಿಸಿದ ಕೋಲಿನಿಂದ ತಿವಿಯುವುದನ್ನೂ ನಿಷೇಧಿಸುತ್ತವೆ. ಈ ನಿಯಮಗಳನ್ನು ಬಲ್ಲವರು ಎಷ್ಟು ಮಂದಿ? ಯಾತ್ರೆಯ ಬಾಲಿಕೆಯರು ಇವುಗಳನ್ನು ಸುಲಭವಾದ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚುಹಾಕಿಸಿ, ಸಂತೆಯಲ್ಲಿಯೂ ಚಕ್ಕಡಿ ನಿಲ್ಲುವ ಕಡೆಗಳಲ್ಲಿಯೂ ಓದಿ ಹೇಳಿದರೆ ಅದೇ ಒಂದು ಸೇವೆಯಾಗುವುದು.

ಸೈಕಲ್ಲಿಗೂ ಪ್ರಾಣಿಗಳಿಗೂ ಇನ್ನೊಂದು ನಂಟುಂಟು. 1888ರಲ್ಲಿ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ ಜಾನ್ ಬಾಯ್ಡ್ ಡನ್ಲಪ್ ಎಂಬಾತನು ಬೆಲ್‌ಫಾಸ್ಟ್ ಪಟ್ಟಣದಲ್ಲಿ ಪಶುವೈದ್ಯನಾಗಿದ್ದನು. ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದೆ ಓಡಲೆಂದು ಅವನು ಈ ಉಪಾಯವನ್ನು ಹೂಡಿದನು. ಮುಂದೆ ಗಾಳಿಯ ಟೈರು ನಮ್ಮ ಚಕ್ಕಡಿಗಳಿಗೂ ಬಂದು ಎತ್ತುಗಳ ಹೆಗಲನ್ನು ಎಷ್ಟೋ ಹಗುರ ಮಾಡಿತು. ಪಶುವೈದ್ಯನು ಕೊಟ್ಟ ಟೈರಿನ ಮೇಲೆ ಕುಳಿತವರು ಪಶುಗಳ ಋಣವನ್ನು ಸ್ವಲ್ಪ ತೀರಿಸುವುದು ನ್ಯಾಯವಾಗಿಯೇ ಇದೆ.

ಆದರೂ ದೂರವನ್ನು ಕ್ರಮಿಸುವುದೇ ಪುಣ್ಯವೆಂದು ಭ್ರಮಿಸಬಾರದು. ಹಾವೇರಿಯಿಂದ ಹೊರಟವರು ಬ್ಯಾಡಗಿಗೆ ತಿರುಗುವ ಮೊದಲು ಮೋಟೆಬೆನ್ನೂರಿಗೆ ಬರುವರು. ಈ ಊರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಹದಿನೆಂಟು ವರ್ಷದ ತರುಣರಾಗಿ ಮಹಾತ್ಮ ಗಾಂಧಿಯವರ ಸಂಗಡ ಸಾಬರಮತಿಯಿಂದ ದಂಡಿಯವರೆಗೆ ಸುಮಾರು 385 ಕಿಲೋಮೀಟರು ನಡೆದರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಗೊಟ್ಟು ಪ್ರಾಣ ಬಿಟ್ಟರು. ಅಷ್ಟು ದೂರ ನಡೆದವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಆ ನಡಿಗೆಯನ್ನು ದೇಶವು ನೆನೆಯುವುದು ಅದರ ಕೊನೆಯಲ್ಲಿ ಎತ್ತಿಕೊಂಡ ಒಂದು ಹಿಡಿ ಉಪ್ಪಿಗಾಗಿ. ನಮ್ಮ ಯಾತ್ರೆಯ ಕೊನೆಯಲ್ಲಿಯೂ ಕೈಗೆ ತೋರುವಂಥ ಏನಾದರೂ ಇರಬೇಕು. ಇಲ್ಲದಿದ್ದರೆ ಅದು ವಿಹಾರವಾದೀತು, ಸೇವೆಯಾಗದು.

ಹಾಗಾದರೆ ಕೈಗೆ ತೋರುವಂಥದು ಯಾವುದು? ಒಂದು ಯಾತ್ರೆಯ ಹಣದಿಂದ ಪಶುಗಳ ಆಸ್ಪತ್ರೆಯನ್ನು ಕಟ್ಟಲಾಗದು. ಕಟ್ಟುವೆವೆಂದು ಹೇಳಲೂ ಬಾರದು. ಹಾವೇರಿಯಲ್ಲಿ ಕೆಲವು ಓಣಿಗಳ ನಾಯಿಗಳಿಗೆ ಸರಕಾರದ ಪಶುವೈದ್ಯರ ಕೈಯಿಂದ ಲಸಿಕೆ ಹಾಕಿಸಬಹುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಸುಗ್ಗಿಯ ಕಾಲದಲ್ಲಿ ಈಗ ಹೆಚ್ಚಾಗಿ ಲಾರಿಗಳೇ ಬರುವುವಾದರೂ, ಬೇಸಿಗೆಯಲ್ಲಿ ಬೀದಿಯ ದನಗಳಿಗೆ ಒಂದು ನೀರಿನ ತೊಟ್ಟಿಯು ಎಲ್ಲಿದ್ದರೂ ಉಪಕಾರವೇ. ತೊಟ್ಟಿಯನ್ನು ಕಟ್ಟಿಸುವುದು ಸುಲಭ, ದಿನಾಲು ತುಂಬಿಸುವುದು ಕಷ್ಟ. ಆದುದರಿಂದ ತುಂಬಿಸುವ ಹೊಣೆಯನ್ನು ಹತ್ತಿರದ ಅಂಗಡಿಯವರೊಬ್ಬರು ಒಪ್ಪಿಕೊಂಡ ಸ್ಥಳದಲ್ಲಿಯೇ ಅದನ್ನು ಕಟ್ಟಿಸಬೇಕು. ರಾಣೇಬೆನ್ನೂರಿನ ಬಳಿಯಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗಧಾಮವು ಸ್ಥಾಪಿತವಾಯಿತು. ಆ ಮೃಗಗಳಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅವುಗಳ ಹತ್ತಿರ ಹೋಗದಿರುವುದು, ತಿಂಡಿ ಎಸೆಯದಿರುವುದು, ಗದ್ದಲ ಮಾಡದಿರುವುದು. ಎಲ್ಲಾ ಪ್ರಾಣಿಗಳಿಗೂ ಒಂದೇ ಬಗೆಯ ನೆರವು ಒಪ್ಪುವುದಿಲ್ಲ. ಕೆಲವಕ್ಕೆ ನಮ್ಮ ಕೈ ಬೇಕು, ಕೆಲವಕ್ಕೆ ನಾವು ದೂರವಿರುವುದೇ ಬೇಕು. ಕಾಯಿಲೆ ಬಿದ್ದ ಪಶುವನ್ನು ಕಂಡರೆ 1962 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಪಶುಚಿಕಿತ್ಸೆಯ ನೆರವು ಕೇಳಬಹುದೆಂಬುದನ್ನು ಹಾದಿಯ ಹಳ್ಳಿಗಳಲ್ಲಿ ತಿಳಿಸುತ್ತ ಹೋಗಲು ಒಂದು ಕಾಸೂ ಖರ್ಚಿಲ್ಲ.

ಹಣದ ಲೆಕ್ಕದ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟಾಗಿರಬೇಕೆಂದು ಬಯಸುತ್ತೇವೆ. ಧರ್ಮಾರ್ಥವಾಗಿ ಕೂಡಿಸಿದ ಹಣವು ಟೋಪಿ, ಬಾವುಟ, ಊಟೋಪಚಾರ, ಸತ್ಕಾರಗಳಲ್ಲಿ ಕರಗಿಹೋಗುವುದುಂಟು. ಹಾವೇರಿಯ ಏಲಕ್ಕಿ ಹಾರವು ಊರಿಗೆಲ್ಲ ಹೆಮ್ಮೆ. ಆದರೆ ಈ ನಿಧಿಯಿಂದ ಒಂದು ಹಾರವನ್ನೂ ಕೊಳ್ಳಕೂಡದು. ಯಾತ್ರೆಯ ವೆಚ್ಚವು ಬೇರೆಯಾಗಿ ಕೂಡಬೇಕು. ಪ್ರಾಣಿಗಳಿಗೆಂದು ಕೊಟ್ಟ ಪ್ರತಿಯೊಂದು ರೂಪಾಯಿಯ ಜಮಾಖರ್ಚು ಶಾಲೆಯ ಫಲಕದ ಮೇಲೆ ಎಲ್ಲರೂ ಓದುವಂತೆ ಬರೆಯಲ್ಪಡಬೇಕು. ದಯಾಳುವಾದ ಸಮಾರ್ಯದವನು ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿ ಅಷ್ಟಕ್ಕೇ ತೃಪ್ತನಾಗಲಿಲ್ಲ. ಛತ್ರದವನಿಗೆ ಹಣ ಕೊಟ್ಟು, ಹೆಚ್ಚು ವೆಚ್ಚವಾದರೆ ತಿರುಗಿ ಬರುವಾಗ ತೀರಿಸುವೆನೆಂದು ಹೇಳಿದನು. ಗಾಯಗೊಂಡವನನ್ನು ಅಲ್ಲಿಯ ತನಕ ಹೊತ್ತುತಂದದ್ದು ಆತನ ಪಶುವೇ ಎಂಬುದನ್ನೂ ಮರೆಯಬಾರದು. ತಿರುಗಿ ಬರುವ ದಯೆಯೇ ನಿಜವಾದ ದಯೆ. ಯಾತ್ರೆಯಾದ ಆರು ತಿಂಗಳ ಮೇಲೆ ನಮ್ಮ ಬಾಲಿಕೆಯರು ಅದೇ ದಾರಿಯಲ್ಲಿ ಹೋಗಿ, ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ನೋಡಿ ಬರಲಿ.

ಹೆಣ್ಣುಮಕ್ಕಳನ್ನು ಇಂಥ ಯಾತ್ರೆಗೆ ಕಳುಹಿಸುವುದು ಹೇಗೆ ಎಂದು ತಾಯಿತಂದೆಗಳು ಅಂಜಬಹುದು. ಹೆದ್ದಾರಿಯ ಅಪಾಯವು ಸುಳ್ಳಲ್ಲ. ಆದಕಾರಣ ದೀಪಾವಳಿಯಾದ ಮೇಲಣ ತಂಪಾದ ದಿನಗಳಲ್ಲಿ, ಹಗಲಿನಲ್ಲಿಯೇ, ಉಪಾಧ್ಯಾಯಿನಿಯರ ಸಂಗಡ, ಸಣ್ಣ ಸಣ್ಣ ಗುಂಪುಗಳಾಗಿ, ತಲೆಗೆ ಹೆಲ್ಮೆಟ್ ಧರಿಸಿ, ಆದಷ್ಟು ಮಟ್ಟಿಗೆ ಹಳ್ಳಿಯ ದಾರಿಗಳನ್ನೇ ಹಿಡಿದು ಹೋಗತಕ್ಕದ್ದು. ಆದರೆ ಹೆಣ್ಣೆಂಬ ಕಾರಣದಿಂದಲೇ ಬೇಡವೆನ್ನುವುದನ್ನು ನಾವು ಒಪ್ಪಲಾರೆವು. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವುದಕ್ಕೆ ಆರಂಭಿಸಿದಾಗ, ಶಾಲೆ ಬಿಡಬೇಕಾಗಿದ್ದ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಪ್ರೌಢಶಾಲೆಯ ಬಾಗಿಲು ತೆರೆಯಿತು. ತನಗೆ ವಿದ್ಯೆ ತಂದ ಗಾಲಿಯಿಂದ ಒಂದು ದಿನ ಇತರರ ಸೇವೆ ಮಾಡುವುದು ತಪ್ಪಾಗುವುದೆ? ಪ್ರಾಣಿಗಳ ಪರವಾಗಿ ಕೇಳಿಬಂದ ದೊಡ್ಡ ದನಿಗಳಲ್ಲಿ ಸ್ತ್ರೀಯರ ದನಿಗಳು ಮುಖ್ಯವಾಗಿವೆ. ಬಾಲ್ಯದಲ್ಲಿಯೇ ಕಾಲು ಊನವಾಗಿ, ನೆಟ್ಟಗೆ ನಡೆಯಲಾರದಿದ್ದ ಆನಾ ಸ್ಯೂಯೆಲ್ ಎಂಬಾಕೆಯು 1877ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ ಎಂಬ ಗ್ರಂಥವು ಒಂದು ಕುದುರೆಯ ಬಾಯಿಂದಲೇ ಅದರ ಕಷ್ಟಸುಖಗಳನ್ನು ಹೇಳಿಸಿ, ಓದುವವರ ಮನಸ್ಸನ್ನು ಕರಗಿಸಿತು. ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಈ ವಿಷಯವನ್ನೆತ್ತಿ ಶ್ರಮಿಸಿದುದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾನೂನು ಉಂಟಾಯಿತು. 1962ರಲ್ಲಿ ಸ್ಥಾಪಿತವಾದ ಪ್ರಾಣಿ ಕಲ್ಯಾಣ ಮಂಡಲಿಗೆ ಅವರೇ ಮೊದಲ ಅಧ್ಯಕ್ಷೆಯಾದರು. ಒಬ್ಬಾಕೆ ನಡೆಯಲಾರದೆಯೂ ಇಷ್ಟು ಮಾಡಿದಳು; ನಮ್ಮ ಬಾಲಿಕೆಯರಿಗೆ ದೇವರು ಗಟ್ಟಿಯಾದ ಕಾಲುಗಳನ್ನು ಕೊಟ್ಟಿದ್ದಾನೆ.

ಕೊನೆಯದಾಗಿ ಒಂದು ಮಾತು. ಈ ಯಾತ್ರೆಯಲ್ಲಿ ಯಾವ ಗಾಡಿಯವನನ್ನೂ ದನಕಾಯುವವನನ್ನೂ ನಿಂದಿಸಬಾರದು. ಹೆಗಲು ಹುಣ್ಣಾದ ಎತ್ತನ್ನು ಹೂಡಿದವನ ಹೆಗಲೂ ಅನೇಕ ವೇಳೆ ಸಾಲದ ನೊಗದಿಂದ ಹುಣ್ಣಾಗಿರುತ್ತದೆ. ಮೊದಲು ಅವನಿಗೆ ನಮಸ್ಕಾರ ಮಾಡಿ, ಎತ್ತಿನ ಹೆಸರು ಕೇಳಿ, ಆಮೇಲೆ ಮುಲಾಮಿನ ಡಬ್ಬಿಯನ್ನು ಕೈಗೆ ಕೊಡಬೇಕು. ಆ ಡಬ್ಬಿಯ ಬೆಲೆಯು ಅತ್ಯಲ್ಪ. ಆದರೆ ಮರುದಿನ ಆ ಎತ್ತಿಗೆ ನೊಗವಿಡುವಾಗ ಒಡೆಯನ ಕೈ ಒಂದು ಕ್ಷಣ ತಡೆದು ಹುಣ್ಣನ್ನು ಮುಟ್ಟಿ ನೋಡಿದರೆ, ನಮ್ಮ ಹುಡುಗಿಯರು ತುಳಿದ ದಾರಿಯೆಲ್ಲವೂ ಸಾರ್ಥಕವಾಯಿತೆಂದು ನಾವು ತಿಳಿಯುವೆವು.